ಓಶಿನ್ ಬರೀ ಸಹಿಸ್ಕೊಂಡೋಳಲ್ಲ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ನಾನು ಮಾತಾಡ್ಬೇಕು ಅಂತಿರೋದು ಓಶಿನ್ ಅನ್ನೋ ಜಪಾನಿ ಸೀರಿಯಲ್ ಬಗ್ಗೆ. 1983ರ ಏಪ್ರಿಲ್‌ನಿಂದ 1984ರ ಮಾರ್ಚ್‌ವರೆಗೆ ಅಲ್ಲಿನ ಎನ್‌ಎಚ್‌ಕೆ ಟೀವೀಲಿ ಬೆಳಗ್ಗೆ ಹೊತ್ತು ಬರ್ತಿತ್ತು, ಒಂದೊಂದು ಕಂತು 15 ನಿಮಿಷ, ಒಟ್ಟು 297 ಕಂತು. ಬರೆದಿದ್ದು ಸುಗಾಕೊ ಹಶಿದಾ ಅನ್ನೋ ಹೆಣ್ಮಗಳು. ಜಪಾನಲ್ಲಿ ಇದರ ಸರಾಸರಿ ರೇಟಿಂಗ್ 52.6 ಪರ್ಸೆಂಟ್ ಅಂದ್ರೆ ನೀವೇ ಲೆಕ್ಕ ಹಾಕಿ. ಆಮೇಲೆ 60ಕ್ಕೂ ಹೆಚ್ಚು ದೇಶಗಳಲ್ಲಿ ಬಂತು, ಯುದ್ಧ ನಡೀತಿದ್ದ ಇರಾನಲ್ಲೂ ಜನ ಮುಗಿಬಿದ್ದು ನೋಡಿದ್ರು.

ಈ ಸೀರಿಯಲ್ ಬಗ್ಗೆ ಯಾರನ್ನ ಕೇಳಿದ್ರೂ ಒಂದೇ ಮಾತು, ಪಾಪ ಆ ಹುಡುಗಿ ಎಷ್ಟು ಸಹಿಸ್ಕೊಂಡ್ಳು, ಎಂಥಾ ತಾಳ್ಮೆ ಅಂತ. ನಂಗೆ ಮಾತ್ರ ನೋಡ್ತಾ ನೋಡ್ತಾ ಬೇರೇನೇ ಅನ್ನಿಸ್ತು. ಸಹಿಸ್ಕೊಳ್ತಾಳೆ ನಿಜ, ಆದ್ರೆ ಅವಳ ಬದುಕು ಬದಲಾಗೋದೆಲ್ಲ ಅವಳು ಎದ್ದು ಹೊರಟಾಗ.

ಕಥೆ ಶುರುವಾಗೋದು 1907ರ ಸುಮಾರಿಗೆ, ಉತ್ತರ ಜಪಾನಿನ ಯಮಗಾತಾ ಸೀಮೇಲಿ. ಗೇಣಿ ಮಾಡೋ ಕುಟುಂಬ, ಬೆಳೆದ ಅಕ್ಕಿ ಜಮೀನ್ದಾರನಿಗೆ, ಇವರ ಪಾಲಿಗೆ ಮೂಲಂಗಿ ಹೆಚ್ಚಿ ಬೇಯಿಸಿದ ಅನ್ನ, ಅದ್ರಲ್ಲಿ ಮೂಲಂಗೀನೇ ಜಾಸ್ತಿ. ಮತ್ತೆ ಬಸುರಾಗಿರೋ ತಾಯಿ, ಇನ್ನೊಂದು ಹೊಟ್ಟೆಗೆ ಎಲ್ಲಿಂದ ತರೋದು ಅಂತ, ಆ ಮಗು ಉಳಿಯದೇ ಇರ್ಲಿ ಅಂತ ಕೊರೆಯೋ ಚಳೀಲಿ ನದಿಗಿಳಿದು ನಿಲ್ತಾಳೆ. ಏಳು ವರ್ಷದ ಓಶಿನ್ ಅದನ್ನ ನೋಡ್ತಾಳೆ. ಕೆಲಸಕ್ಕೆ ಹೋಗಲ್ಲ ಅಂತ ಹಟ ಹಿಡಿದಿದ್ದ ಹುಡುಗಿ ಆಮೇಲೆ ತಾನೇ ಒಪ್ಪಿಕೊಂಡು ಮರದ ಮಂಡಿ ಸಾಹುಕಾರನ ಮನೆಗೆ ಹೊರಡ್ತಾಳೆ. ಒಂದು ವರ್ಷದ ದುಡಿಮೆಗೆ ಒಂದು ಮೂಟೆ ಅಕ್ಕಿ, ಸುಮಾರು 60 ಕಿಲೊ, ಅದೂ ಮುಂಗಡ. ಮೊಗಾಮಿ ನದೀಲಿ ಮರದ ತೆಪ್ಪದ ಮೇಲೆ ಅವಳನ್ನ ಕಳಿಸೋ ದೃಶ್ಯ ಇದೆಯಲ್ಲ, ದಡದ ತುಂಬಾ ಹಿಮ, ಆ ಪುಟ್ಟ ಹುಡುಗಿ ಅವ್ವಾ ಅಂತ ಕೂಗೋದು, ಅದನ್ನ ನೋಡಿ ಎದೆ ಹಿಂಡದೇ ಇರೋರು ಯಾರೂ ಇರಲಿಕ್ಕಿಲ್ಲ. ಅಯಾಕೊ ಕೊಬಯಾಶಿ ಅನ್ನೋ ಬಾಲನಟಿ ಅದು, ಅತ್ತು ಕರೆದು ಗಲಾಟೆ ಮಾಡೋ ನಟನೆ ಅಲ್ಲವೇ ಅಲ್ಲ, ಕಣ್ಣಲ್ಲೇ ಎಲ್ಲ ಮುಗಿಸ್ತಾಳೆ.

ಆ ಮನೇಲಿ 50 ಸೆನ್, ಅಂದ್ರೆ ಅರ್ಧ ಯೆನ್ ನಾಣ್ಯ ಒಂದು ಕಳೆದುಹೋಗುತ್ತೆ. ಹೊರಡುವಾಗ ಅಜ್ಜಿ ಕೊಟ್ಟಿದ್ದ 50 ಸೆನ್ ನಾಣ್ಯ ಓಶಿನ್ ಹತ್ರ ಇರುತ್ತೆ, ಅದನ್ನೇ ಕದ್ದದ್ದು ಅಂತ ಕಿತ್ಕೊಳ್ತಾರೆ. ಬೈದಿದ್ದು ಹೊಡೆದಿದ್ದು ಎಲ್ಲ ನುಂಗಿದ್ದ ಮಗು ಇದನ್ನ ನುಂಗಲ್ಲ, ಹಿಮದ ಬಿರುಗಾಳೀಲಿ ಒಬ್ಬಳೇ ಹೊರಟುಬಿಡ್ತಾಳೆ. ದಾರೀಲಿ ಬಿದ್ದವಳನ್ನ ಉಳಿಸೋನು ಸೈನ್ಯ ಬಿಟ್ಟು ಓಡಿಬಂದ ಒಬ್ಬ ಯುವಕ, ಅವಳಿಗೆ ಅಕ್ಷರ ಕಲಿಸೋನೂ ಅವನೇ. ಹೊರಟಿದ್ದಕ್ಕೆ ಸಿಕ್ಕಿದ್ದು ಓದು!

ಮುಂದೆ ಅವಳ ಅಕ್ಕ ರೇಷ್ಮೆ ಮಿಲ್ಲಲ್ಲಿ ದುಡಿದು ಕ್ಷಯ ಹತ್ತಿಸ್ಕೊಂಡು ಮನೆಗೆ ಬಂದು ಸಾಯ್ತಾಳೆ. ತಲೆ ಬಾಚೋ ಕಸುಬು ಕಲೀಬೇಕು ಅನ್ನೋದು ಆ ಅಕ್ಕನ ಆಸೆ, ಅದನ್ನ ಹೊತ್ಕೊಂಡು ಓಶಿನ್ ಟೋಕಿಯೊಗೆ ಹೋಗ್ತಾಳೆ. ಮದುವೆ ಆಗುತ್ತೆ, ವ್ಯಾಪಾರ ಬೆಳೆಯುತ್ತೆ, 1923ರ ಭೂಕಂಪದಲ್ಲಿ ಎಲ್ಲ ನೆಲಸಮ ಆಗುತ್ತೆ, ಗಂಡ ಹೆಂಡ್ತಿ ಮಗು ಮೂರೂ ಜನ ದಕ್ಷಿಣದ ಸಾಗಾದಲ್ಲಿರೋ ಗಂಡನ ಮನೆ ಸೇರ್ತಾರೆ.

ಈ ಸಾಗಾ ಭಾಗದ ಬಗ್ಗೆ ಸ್ವಲ್ಪ ನಿಂತು ಹೇಳ್ಬೇಕು. ಅತ್ತೆ ಕಿಯೊ ಅಂತ. ಓಶಿನ್ ಮತ್ತೆ ಬಸುರಿ, ಅದೇ ಹೊತ್ತಿಗೆ ಅತ್ತೆ ಮಗಳೂ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಒಂದೇ ಮನೇಲಿ ಎರಡು ಹೆರಿಗೆ ಆದ್ರೆ ಕೇಡು ಅನ್ನೋ ನಂಬಿಕೆ ಬೇರೆ. ಓಶಿನ್‌ಗೆ ಹುಟ್ಟಿದ ಹೆಣ್ಣುಮಗು ಉಳಿಯಲ್ಲ. ನಾದಿನಿಗೋ ಹಾಲು ಬರ್ತಿಲ್ಲ. ಮಗು ಕಳ್ಕೊಂಡ ಓಶಿನ್ ಆ ಮನೆಮಗಳ ಮಗೂಗೆ ತನ್ನ ಹಾಲು ಕುಡಿಸ್ತಾಳೆ. ನಮ್ಮಲ್ಲೂ ಮಗಳ ಬಾಣಂತನ ಒಂದು ಥರ, ಸೊಸೆಯ ಬಸುರು ಇನ್ನೊಂದು ಥರ ಅನ್ನೋ ಮನೆಗಳನ್ನ ನೋಡಿದ್ದೀವಲ್ಲ, ಅದಕ್ಕೇ ನಂಗೆ ಇದು ಜಪಾನಿನ ಕಥೆ ಅನ್ನಿಸ್ಲೇ ಇಲ್ಲ. ಹಶಿದಾ ಅವರು ಅತ್ತೇನ ರಾಕ್ಷಸಿ ಮಾಡಿಲ್ಲ, ಇಡೀ ಜೀವಮಾನದಲ್ಲಿ ಅವಳ ಕೈಗೆ ಸಿಕ್ಕ ಅಧಿಕಾರ ಅಂದ್ರೆ ಸೊಸೆ ಮೇಲಿನದೊಂದೇ. ಓಶಿನ್ ಅಲ್ಲೂ ಉಳಿಯಲ್ಲ. ಮಗನನ್ನ ಕರ್ಕೊಂಡು ಹೊರಡ್ತಾಳೆ, ಕೊನೆಗೆ ಇಸೆ ಅನ್ನೋ ಊರಲ್ಲಿ ಗಾಡಿ ತಳ್ಕೊಂಡು ಮನೆಮನೆಗೆ ಮೀನು ಮಾರ್ತಾಳೆ. ದೊಡ್ಡವಳಾದ ಓಶಿನ್ ಪಾತ್ರ ಮಾಡಿರೋ ಯೂಕೊ ತನಾಕಾ ಈ ಭಾಗಗಳಲ್ಲಿ ಎಷ್ಟು ಕಡಿಮೆ ಮಾತಲ್ಲಿ ಎಷ್ಟು ಹೇಳ್ತಾರೆ!

ಎರಡನೇ ಮಹಾಯುದ್ಧ ಬರುತ್ತೆ, ದೊಡ್ಡ ಮಗ ತೀರಿಹೋಗ್ತಾನೆ, ಜಪಾನ್ ಸೋತ ಮೇಲೆ ಗಂಡನೂ ಪ್ರಾಣ ಕಳ್ಕೊಳ್ತಾನೆ. ಮೀನಿನ ಅಂಗಡಿ ಹೋಗಿ ಸೂಪರ್ ಮಾರ್ಕೆಟ್ ಆಗುತ್ತೆ. ಈ ಕೊನೇ ಭಾಗ, ಸಾಲ, ಬ್ರಾಂಚು, ಮಕ್ಕಳ ಜಗಳ, ಸ್ವಲ್ಪ ಎಳೆದಿದ್ದಾರೆ ಅನ್ನಿಸ್ತು. ಆದ್ರೆ 17ನೇ ಬ್ರಾಂಚ್ ಓಪನಿಂಗ್ ದಿನ 80 ದಾಟಿದ ಓಶಿನ್ ಯಾರಿಗೂ ಹೇಳದೆ ಮನೆ ಬಿಟ್ಟು ತಾನು ನಡೆದ ಊರುಗಳನ್ನ ಹುಡುಕ್ಕೊಂಡು ಹೋಗ್ತಾಳಲ್ಲ, ಆಗ ಅವಳನ್ನ ಯಾರೂ ಓಡಿಸಿರಲ್ಲ, ದುಡ್ಡಿಗೂ ಬರ ಇರಲ್ಲ.

ನೋಡೋರು ಒಂದೇ ಸಲ ಹತ್ತಿಪ್ಪತ್ತು ಕಂತು ನೋಡೋಕೆ ಹೋಗ್ಬೇಡಿ, ದಿನಕ್ಕೆ ಒಂದೋ ಎರಡೋ ಸಾಕು. ಸಾಗಾ ಭಾಗ ಬಂದಾಗ ಮಾತ್ರ ಮನೇಲಿರೋ ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಕೂತು ನೋಡಿ, ಗಂಡಸರನ್ನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ. ನಮಸ್ಕಾರ.