ಬೀಗದ ಕೈ ಯಾರ ಹತ್ತಿರ?

ಕೇಳುಗರೆಲ್ಲರಿಗೂ ನಮಸ್ಕಾರ.

ನಾಲ್ಕು ದಿನ ಮನೆ ಬಿಟ್ಟು ಹೋಗಬೇಕಾದಾಗ ಬೀಗದ ಕೈಯನ್ನು ಯಾರಿಗೆ ಕೊಟ್ಟು ಹೋಗುತ್ತೀರಿ? ಒಂದು ಬೀದಿ ಹೇಗಿದೆ ಎಂದು ತಿಳಿಯಲು ನನಗೆ ಈ ಒಂದು ಪ್ರಶ್ನೆ ಸಾಕು.

ನ್ಯೂಯಾರ್ಕಿನ ಹಡ್ಸನ್ ಬೀದಿಯಲ್ಲಿ ಜೇನ್ ಜೇಕಬ್ಸ್ ಎಂಬ ಲೇಖಕಿ ವಾಸವಿದ್ದರು. ನಗರಗಳ ಬಗ್ಗೆ 1961ರಲ್ಲಿ ಬರೆಯುವಾಗ ಅವರು ತಮ್ಮ ಬೀದಿಯ ಒಬ್ಬ ಅಂಗಡಿಯವನನ್ನು ನೆನೆಯುತ್ತಾರೆ. ಅಕ್ಕಪಕ್ಕದವರೆಲ್ಲ ಬೀಗದ ಕೈಯನ್ನು ಅವನಲ್ಲಿ ಬಿಟ್ಟು ಹೋಗುತ್ತಿದ್ದರು. ಅದಕ್ಕೆಂದೇ ಅವನು ಒಂದು ಡ್ರಾಯರ್ ಇಟ್ಟಿದ್ದ. ಕೈ ಇಸಿದುಕೊಳ್ಳಲು ಬಂದವರು ಯಾರು, ಯಾಕೆ ಬಂದರು ಎಂದು ಕೆದಕುತ್ತಿರಲಿಲ್ಲ. ನಂಬಿಕೆಯೂ ಇತ್ತು, ಮೂಗು ತೂರಿಸದ ಗುಣವೂ ಇತ್ತು. ಇಂಥ ಮನುಷ್ಯ ಒಂದು ಬೀದಿಗೆ ಸುಮ್ನೆ ಸಿಗುವುದಿಲ್ಲ. ವರ್ಷಾನುಗಟ್ಟಲೆ ಅಲ್ಲೇ ಕೂತಿರಬೇಕು. ಹಾಗೆ ಕೂರಬೇಕಾದರೆ ಬಾಡಿಗೆ ಕೈಗೆಟುಕಬೇಕು, ಅಲ್ವಾ?

ಹಳೇ ಬೀದಿಗೆ ದುಡ್ಡು ನುಗ್ಗಿದಾಗ ಮೊದಲು ಮುರಿಯುವುದು ಇದೇ.

ಶುರುವಿನಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಸೋರುವ ಮಾಡು ರಿಪೇರಿಯಾಗುತ್ತದೆ, ಗೋಡೆಗೆ ಬಣ್ಣ ಬರುತ್ತದೆ. ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. ಮಳೆಗಾಲದಲ್ಲಿ ಮನೆಯೊಳಗೆ ಬಕೆಟ್ ಇಟ್ಟವರಿಗೆ ಅದರ ಬೆಲೆ ಗೊತ್ತು. ಆದರೆ ಒಂದೇ ಬೀದಿಯಲ್ಲಿ ಎರಡು ಬಗೆಯ ಜನ ಇರುತ್ತಾರೆ. ಸ್ವಂತ ಕಟ್ಟಡದವನಿಗೆ ಬೆಲೆ ಏರಿದರೆ ಲಾಭ. ಬಾಡಿಗೆಯವನಿಗೆ ಅದೇ ಸುದ್ದಿ ಮನೆ ಖಾಲಿ ಮಾಡುವ ನೋಟಿಸ್ ಆಗಿ ಬರುತ್ತದೆ. ಲಂಡನ್ನಿನಲ್ಲಿ ದುಡಿಯುವ ಜನರ ಮನೆಗಳು ಒಂದೊಂದಾಗಿ ಉಳ್ಳವರ ಕೈಸೇರುವುದನ್ನು ಕಂಡ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್, 1964ರಲ್ಲಿ ಇದಕ್ಕೆ ಒಂದು ಹೆಸರನ್ನೇ ಕೊಟ್ಟರು: ಜೆಂಟ್ರಿಫಿಕೇಶನ್. ಆಮೇಲೆ ಆ ಪದ ಜಗತ್ತೆಲ್ಲ ಸುತ್ತಿತು.

ಹೊಸದಾಗಿ ಬಂದ ಶ್ರೀಮಂತರನ್ನು ಬೈಯಲು ನನಗೆ ಮನಸ್ಸಿಲ್ಲ. ಅವರೂ ಆ ಬೀದಿಯನ್ನು ಇಷ್ಟಪಟ್ಟೇ ಬಂದವರು. ಹಳೇ ಅಂಗಡಿಗಳು, ಕಟ್ಟೆಯ ಮೇಲಿನ ಮಾತು, ಓಡಾಡುವ ಮಕ್ಕಳು, ಇವೇ ಅವರನ್ನು ಕರೆದದ್ದು. ಆದರೆ ಅವರು ಕೊಡಬಲ್ಲ ಬಾಡಿಗೆಯನ್ನು ಚಪ್ಪಲಿ ಹೊಲಿಯುವವನು ಕೊಡಲಾರ. ಅವನು ಹೋದ ಮೇಲೆ ಆ ಜಾಗಕ್ಕೆ ಬರುವುದು ದುಬಾರಿ ಬಟ್ಟೆಯ ಮಳಿಗೆ. ಕೆಲಸಕ್ಕಿರುವ ಹುಡುಗಿ ಆರು ತಿಂಗಳಿಗೆ ಬದಲಾಗುತ್ತಾಳೆ. ಅವಳಿಗೆ ಬೀದಿಯವರ ಹೆಸರು ಗೊತ್ತಿಲ್ಲ, ಗೊತ್ತಾಗುವಷ್ಟು ದಿನ ಅವಳೂ ಇರುವುದಿಲ್ಲ. ಸೂಜಿ ದಾರ ಬೇಕಾದರೆ ಬೀದಿಯವರು ಎಲ್ಲೋ ದೂರ ಹೋಗಬೇಕು.

ಜೇಕಬ್ಸ್ ಅವರ ಮನೆಯ ಪಕ್ಕದಲ್ಲೇ ಹಾದುಹೋಗುವ ಬ್ಲೀಕರ್ ಬೀದಿಯ ಕತೆ ಕೇಳಿ. ಅಲ್ಲಿ ಮೊದಲು ಹಳೇ ಸಾಮಾನು ಮಾರುವ ಅಂಗಡಿಗಳು, ಸಣ್ಣಪುಟ್ಟ ಮಳಿಗೆಗಳು ಇದ್ದವು. 2000ರ ನಂತರ ದೊಡ್ಡ ಹೆಸರಿನ ಫ್ಯಾಷನ್ ಮಳಿಗೆಗಳು ಸಾಲುಗಟ್ಟಿ ಬಂದವು. ಬಾಡಿಗೆ ಎಷ್ಟು ಏರಿತೆಂದರೆ ಕೊನೆಗೆ ಆ ಮಳಿಗೆಗಳಿಗೂ ತಾಳಿಕೊಳ್ಳಲು ಆಗಲಿಲ್ಲ. 2017ರ ಹೊತ್ತಿಗೆ ಅಂಗಡಿ ಮೇಲೆ ಅಂಗಡಿ ಖಾಲಿ ಬಿದ್ದಿತ್ತು. ಇಂಥ ಕಡೆ ಮಾಲೀಕರು ಬೇಗ ಬಾಡಿಗೆ ಇಳಿಸುವುದಿಲ್ಲ. ಕಡಿಮೆ ಬಾಡಿಗೆಗೆ ಹತ್ತು ವರ್ಷದ ಕರಾರು ಬರೆದರೆ ಕಟ್ಟಡದ ಬೆಲೆಯೇ ಇಳಿಯುತ್ತದೆ ಎಂಬ ಭಯ. ಹಾಗಾಗಿ ಕಾಯುತ್ತಾರೆ. ಗಾಜಿನ ಹಿಂದೆ ಕತ್ತಲೆ. ಜಾಸ್ತಿ ದುಡ್ಡು ಬಂದು ಬೀದಿ ಬರಿದಾಗುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ತಡೆಯಲು ದಾರಿಗಳಿವೆ. ಪ್ಯಾರಿಸ್ ನಗರಾಡಳಿತ ಕೆಲವು ಕಡೆ ನೆಲಮಹಡಿಯ ಅಂಗಡಿಗಳನ್ನು ತಾನೇ ಕೊಂಡು ಪುಸ್ತಕ ಮಾರುವವರಂಥವರಿಗೆ ಬಾಡಿಗೆಗೆ ಕೊಟ್ಟಿದೆ. ನನಗೆ ಹೆಚ್ಚು ಹಿಡಿಸಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಉಪಾಯ. ಐಟಿ ದುಡ್ಡಿನಲ್ಲಿ ಬಾಡಿಗೆ ಮುಗಿಲಿಗೇರಿದ ಊರು ಅದು. 2015ರಲ್ಲಿ ಅಲ್ಲಿನ ಜನ ಮತ ಹಾಕಿ ಹಳೇ ಅಂಗಡಿಗಳನ್ನು ಉಳಿಸಿಕೊಳ್ಳಲು ಒಂದು ನಿಧಿ ಮಾಡಿಕೊಂಡರು. ಸಾಮಾನ್ಯವಾಗಿ 30 ವರ್ಷ ದಾಟಿದ ಅಂಗಡಿಗಳು ಅದರ ಪಟ್ಟಿಗೆ ಸೇರುತ್ತವೆ. ಅಂಥ ಅಂಗಡಿಗೆ ಕನಿಷ್ಠ 10 ವರ್ಷದ ಕರಾರು ಬರೆದುಕೊಡುವ ಕಟ್ಟಡದ ಮಾಲೀಕನಿಗೂ ಆ ನಿಧಿಯಿಂದ ನೆರವು ಸಿಗುವಂತೆ ಮಾಡಿದರು.

ಹತ್ತು ವರ್ಷ ಎಂದರೆ, ಅಂಗಡಿ ಮುಂದೆ ಗೋಲಿ ಆಡುವ ಮಗು ಕಾಲೇಜು ಮೆಟ್ಟಿಲು ಹತ್ತುವಷ್ಟು ಕಾಲ. ಅಷ್ಟು ದಿನ ಅಲ್ಲೇ ಇರುತ್ತೇನೆ ಎಂದು ಗೊತ್ತಿರುವ ಅಂಗಡಿಯವನ ಹತ್ತಿರ ಬೀಗದ ಕೈ ಕೊಟ್ಟು ಹೋಗಬಹುದು.

ನಮಸ್ಕಾರ.