ಕಣ್ಣುರಿಯ ಅಳತೆ: ಈರುಳ್ಳಿಯಿಂದ ಸುಣ್ಣದವರೆಗೆ

ಎಲ್ಲರಿಗೂ ನಮಸ್ಕಾರ. ಆಲೆಮನೆ ನಡೆಸುವವರು, ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುವವರು, ಕೆಮಿಸ್ಟ್ರಿ ಓದುತ್ತಿರುವ ಮಕ್ಕಳು, ಎಲ್ಲರೂ ಇವತ್ತು ಮಂಡ್ಯದಲ್ಲಿ ಒಂದೇ ಹಾಲ್‌ನಲ್ಲಿ ಕೂತಿದ್ದೀರಿ. ನನಗೆ ತುಂಬಾ ಸಂತೋಷ. ಒಂದು ಪ್ರಶ್ನೆ ಕೇಳಿ ಶುರು ಮಾಡುತ್ತೇನೆ. ಈರುಳ್ಳಿ ಹೆಚ್ಚಿದರೆ ಕಣ್ಣು ಉರಿಯುತ್ತದೆ. ಸುಣ್ಣ ಸಿಡಿದರೂ ಉರಿಯುತ್ತದೆ. ಯಾವುದು ಎಷ್ಟು ಅಪಾಯ ಅಂತ ಉರಿ ನೋಡಿ ಹೇಳಬಹುದಾ?

ನಾನು ಹೈಸ್ಕೂಲಿನಲ್ಲಿದ್ದಾಗ ಹೇಳಬಹುದು ಅಂತಲೇ ನಂಬಿದ್ದೆ. ಪಾಂಡವಪುರದ ಕಡೆ ನಮ್ಮ ದೊಡ್ಡಪ್ಪನ ಆಲೆಮನೆ ಇತ್ತು. ಒಂದು ದಿನ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಕೊಳೆ ತೆಗೆಯಲು ಸುಣ್ಣದ ನೀರು ಹಾಕಬೇಕಲ್ವಾ, ಅದಕ್ಕೆ ಕೆಲಸದ ಅಣ್ಣ ಒಬ್ಬರು ಬಕೆಟ್ಟಿನಲ್ಲಿ ಸುಣ್ಣ ಕದಡುತ್ತಿದ್ದರು. ಕೋಲು ಜಾರಿತು. ಬಿಳಿ ಹನಿಗಳು ಮುಖಕ್ಕೆ, ಒಂದು ಕಣ್ಣಿಗೆ ಸಿಡಿದವು. ‘ಏನಿಲ್ಲ ಕಣಪ್ಪ, ಸುಮ್ನೆ ಚುರುಚುರು ಅಂತದೆ’ ಅಂದರು. ಟವೆಲಿನ ತುದಿಯಲ್ಲಿ ಒರೆಸಿಕೊಂಡು ಒಲೆಗೆ ಸಿಪ್ಪೆ ತಳ್ಳಲು ಹೋದರು. ಸಂಜೆ ಯಾರೋ ಹರಳೆಣ್ಣೆ ಬಿಟ್ಟರು. ಮೂರನೇ ದಿನ ಮೈಸೂರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ತಡವಾಗಿತ್ತು. ಆ ಕಣ್ಣಿಗೆ ಹೂವು ಬಿತ್ತು. ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿ ತೊಟ್ಟಿ ತುಂಬಾ ನೀರಿತ್ತು. ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಏನಾಯಿತು ಅಂತ ನೋಡೋಣ. ಕಣ್ಣಿನ ಕಪ್ಪು ಗುಡ್ಡೆಯ ಮುಂದೆ ಗಡಿಯಾರದ ಗಾಜಿನ ಹಾಗೆ ಒಂದು ಹೊದಿಕೆ ಇದೆ. ಅದೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರ ಮೇಲಿನ ಪದರ ಕೆರೆದು ಹೋದರೆ ಕೆಲವೇ ದಿನಗಳಲ್ಲಿ ಮತ್ತೆ ಬೆಳೆಯುತ್ತದೆ. ಏಟು ಒಳಗೆ ಇಳಿದರೆ ಕಲೆ ಉಳಿಯುತ್ತದೆ. ಎಲ್ಲಕ್ಕಿಂತ ಒಳಗಿರುವ ಒಂದೇ ಸಾಲು ಜೀವಕೋಶಗಳು ಸತ್ತರೆ ಆ ಜಾಗಕ್ಕೆ ಹೊಸವು ಹುಟ್ಟುವುದೇ ಇಲ್ಲ ಅನ್ನಬಹುದು. ಈರುಳ್ಳಿಯ ಆವಿ ಮೇಲಿನ ನರಗಳನ್ನು ಕೆಣಕುತ್ತದೆ, ಕಣ್ಣೀರು ಬರುತ್ತದೆ, ಮುಗಿಯಿತು. ಆಸಿಡ್ ಬಿದ್ದರೆ ಕಾರ್ನಿಯಾದ ಪ್ರೋಟೀನು ಬೇಯಿಸಿದ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗುತ್ತದೆ. ಅದು ಕೆಟ್ಟದ್ದೇ, ಆದರೆ ಆ ಗಟ್ಟಿಯಾದ ಪದರವೇ ಎಷ್ಟೋ ಸಲ ಮುಂದಿನ ಆಸಿಡ್ಡಿಗೆ ಅಡ್ಡ ನಿಲ್ಲುತ್ತದೆ. ಸುಣ್ಣ, ಕಾಸ್ಟಿಕ್ ಸೋಡಾ ಹಾಗಲ್ಲ. ಜೀವಕೋಶದ ಹೊರಪೊರೆಯಲ್ಲಿರುವ ಕೊಬ್ಬನ್ನು ಸೋಪು ಮಾಡಿಬಿಡುತ್ತವೆ. ದಾರಿ ತಾವೇ ಮಾಡಿಕೊಂಡು ಒಳಗೆ ಇಳಿಯುತ್ತಲೇ ಇರುತ್ತವೆ. ಸುಣ್ಣದ ಕಣ ರೆಪ್ಪೆಯ ಒಳಗೆ ಅಂಟಿಕೊಂಡರೆ ಒರೆಸಿದ ಮೇಲೂ ಕೆಲಸ ಮುಂದುವರಿಯುತ್ತದೆ.

ಹಾಗಾಗಿ ಒಂದು ಕೆಮಿಕಲ್ ಎಷ್ಟು ಕಣ್ಣುರಿ ತರುತ್ತದೆ ಅಂತ ಅಳೆಯುವವರು ಕೇಳುವುದು ಎರಡೇ ಪ್ರಶ್ನೆ. ಏಟು ಎಷ್ಟು ಆಳ ಇಳಿಯಿತು? ಕಣ್ಣು ಮೊದಲಿನಂತೆ ಆಗುತ್ತದಾ, ಆದರೆ ಎಷ್ಟು ದಿನಕ್ಕೆ? ಜಗತ್ತಿನ ಹಲವು ದೇಶಗಳು ಒಪ್ಪಿರುವ ಪದ್ಧತಿಯಲ್ಲಿ 21 ದಿನ ಗೆರೆ. ಅಷ್ಟರೊಳಗೆ ಪೂರ್ತಿ ವಾಸಿಯಾಗದಿದ್ದರೆ ಅದು ಒಂದನೇ ವರ್ಗ, ಕಣ್ಣು ಹಾಳು ಮಾಡುವಂಥದ್ದು. ವಾಸಿಯಾದರೆ ಎರಡನೇ ವರ್ಗ. ಅದರಲ್ಲೂ 7 ದಿನದೊಳಗೆ ವಾಸಿಯಾಗುವುದು ಇನ್ನೂ ಸೌಮ್ಯ.

ಈ ಲೆಕ್ಕ ಬಂದ ದಾರಿ ಮಾತ್ರ ಸುಲಭದ್ದಲ್ಲ. 1933ರಲ್ಲಿ ಅಮೆರಿಕದಲ್ಲಿ ‘ಲ್ಯಾಶ್ ಲ್ಯೂರ್’ ಅನ್ನುವ ರೆಪ್ಪೆಯ ಬಣ್ಣ ಹಚ್ಚಿಸಿಕೊಂಡ ಹೆಂಗಸೊಬ್ಬರು ಕಣ್ಣು ಕಳೆದುಕೊಂಡರು. 1938ರಲ್ಲಿ ಸೌಂದರ್ಯವರ್ಧಕಗಳನ್ನೂ ಹತೋಟಿಗೆ ತರುವ ಹೊಸ ಕಾನೂನು ಅಲ್ಲಿ ಬಂತು. 1944ರಲ್ಲಿ ಅಲ್ಲಿನ ಸರ್ಕಾರಿ ವಿಜ್ಞಾನಿ ಜಾನ್ ಡ್ರೇಜ್ ಒಂದು ಪರೀಕ್ಷೆ ರೂಪಿಸಿದರು. ಮೊಲದ ಕಣ್ಣಿಗೆ ಆ ವಸ್ತುವನ್ನು 0.1 ಮಿಲಿಲೀಟರ್ ಹಾಕಿ ದಿನಗಟ್ಟಲೆ ನೋಡುವುದು. ಹಾನಿಗೆ ಒಟ್ಟು 110 ಅಂಕ, ಅದರಲ್ಲಿ ಕಾರ್ನಿಯಾಕ್ಕೇ 80. ಅಂಕ ಕೊಡುವುದು ಮನುಷ್ಯರ ಕಣ್ಣಳತೆ. 1971ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೇ ಕೆಮಿಕಲ್‌ಗಳನ್ನು ಇಪ್ಪತ್ತಕ್ಕೂ ಹೆಚ್ಚು ಲ್ಯಾಬ್‌ಗಳಿಗೆ ಕೊಟ್ಟು ನೋಡಿದಾಗ ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಮೊಲಕ್ಕೆ ಮೂರನೇ ರೆಪ್ಪೆ ಬೇರೆ ಇದೆ, ಕಾರ್ನಿಯಾ ನಮ್ಮದಕ್ಕಿಂತ ತೆಳು. ಆ ಮೂಕ ಪ್ರಾಣಿ ಪಟ್ಟ ನೋವಿಗೆ ಸಿಕ್ಕಿದ್ದು ಇಷ್ಟು ಅಲುಗಾಡುವ ಉತ್ತರ ಅಂದರೆ ನನಗೆ ಸಂಕಟವಾಗುತ್ತದೆ.

ಈಗ ಬೇರೆ ದಾರಿಗಳಿವೆ. ನನಗೆ ತುಂಬಾ ಇಷ್ಟವಾದದ್ದು ಹೇಳುತ್ತೇನೆ. ಕಸಾಯಿಖಾನೆಯಲ್ಲಿ ಮಾಂಸಕ್ಕಾಗಿ ಕಡಿದ ದನದ ಕಣ್ಣು ಹೇಗೂ ವ್ಯರ್ಥವಾಗುತ್ತದೆ. ಅದರ ಕಾರ್ನಿಯಾವನ್ನು ಬಿಡಿಸಿ ಎರಡು ಪುಟ್ಟ ಕೋಣೆಗಳ ನಡುವೆ ಕಿಟಕಿಯ ಗಾಜಿನಂತೆ ಕೂರಿಸುತ್ತಾರೆ. ಮುಂದಿನ ಕೋಣೆಗೆ ದ್ರವ ಹಾಕಿ 10 ನಿಮಿಷ ಬಿಟ್ಟು ತೊಳೆಯುತ್ತಾರೆ. ಎರಡು ಗಂಟೆ ಕಳೆದ ಮೇಲೆ ಬೆಳಕು ಹಾಯಿಸುತ್ತಾರೆ. ಗಾಜು ಎಷ್ಟು ಮಂಜಾಗಿದೆ ಅಂತ ಯಂತ್ರವೇ ಹೇಳುತ್ತದೆ. ಆಮೇಲೆ ಫ್ಲೋರೆಸೀನ್ ಅನ್ನುವ ಹಳದಿ ಬಣ್ಣ ಮುಂದೆ ಹಾಕಿ, ಹಿಂದಿನ ಕೋಣೆಗೆ ಎಷ್ಟು ಸೋರಿತು ಅಂತ ಅಳೆಯುತ್ತಾರೆ. ಎರಡೂ ಸೇರಿ ಒಂದು ಅಂಕ. 55 ದಾಟಿದರೆ ಒಂದನೇ ವರ್ಗ. 3 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಣ್ಣಿನ ಎಚ್ಚರಿಕೆಯೇ ಬೇಡ. ನಡುವೆ ಬಂದರೆ ಇದೊಂದರಿಂದಲೇ ತೀರ್ಮಾನಿಸುವಂತಿಲ್ಲ. ಇಂಥ ಪರೀಕ್ಷೆಗಳಿಗೆ ನಿಯಮ ರೂಪಿಸುವ ದೇಶಗಳ ಕೂಟ ಒಇಸಿಡಿ 2009ರಿಂದ ಇದನ್ನು ಒಪ್ಪಿದೆ.

ಸೌಮ್ಯವಾದವುಗಳಿಗೆ ಮನುಷ್ಯರ ಜೀವಕೋಶದಿಂದಲೇ ಬೆಳೆಸಿದ ಪುಟ್ಟ ಪದರ ಬಳಸುತ್ತಾರೆ. ಬದುಕಿರುವ ಕೋಶಗಳು ಒಂದು ಹಳದಿ ಪುಡಿಯನ್ನು ನೇರಳೆ ಮಾಡುತ್ತವೆ. ನೇರಳೆ ಗಾಢವಾಗಿದ್ದಷ್ಟೂ ಜಾಸ್ತಿ ಕೋಶ ಬದುಕಿವೆ ಅಂತ ಅರ್ಥ. ನಮ್ಮ ದೇಶದಲ್ಲಿ 2014ರಲ್ಲೇ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದಕ್ಕೆ ನಿಷೇಧ ಬಂತು. ಆದರೆ ಅದು ಕಾರ್ಖಾನೆಯ ಕೆಮಿಕಲ್‌ಗಳಿಗೆ ಅನ್ವಯವಾಗಲ್ಲ.

ಎಷ್ಟೋ ಸಲ ಇಷ್ಟೆಲ್ಲ ಪರೀಕ್ಷೆಯೂ ಬೇಕಾಗಲ್ಲ. ಪಿಎಚ್ ಅಂದರೆ ಆಸಿಡ್ಡೋ ಕ್ಷಾರವೋ ಅಂತ ಹೇಳುವ ಅಳತೆ, 7 ನಡುಮಧ್ಯ. ಅದು 2 ಅಥವಾ ಅದಕ್ಕಿಂತ ಕೆಳಗೆ, 11.5 ಅಥವಾ ಅದಕ್ಕಿಂತ ಮೇಲೆ ಇದ್ದರೆ ಸಾಮಾನ್ಯವಾಗಿ ಕಣ್ಣಿಗೆ ಹಾನಿ ಅಂತಲೇ ಲೆಕ್ಕ. ಬಕೆಟ್ಟಿನ ಸುಣ್ಣದ ನೀರಿನ ಪಿಎಚ್ ಎಷ್ಟು ಗೊತ್ತಾ? ಸುಮಾರು 12.4! ದೊಡ್ಡಪ್ಪನ ಆಲೆಮನೆಗೆ ಒಂದು ಲಿಟ್ಮಸ್ ಪೇಪರ್ ಕೂಡ ಬಂದಿರಲಿಲ್ಲ. ಇನ್ನೊಂದು ಮಾತು, ನೀರು ಬೆರೆಸಿದರೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಒಂದನೇ ವರ್ಗದ ವಸ್ತು ಮಿಶ್ರಣದಲ್ಲಿ ನೂರಕ್ಕೆ 3 ಭಾಗ ಇದ್ದರೂ ಸಾಮಾನ್ಯ ಲೆಕ್ಕದಲ್ಲಿ ಇಡೀ ಕ್ಯಾನು ಒಂದನೇ ವರ್ಗವೇ.

ಬಿದ್ದರೆ ಏನು ಮಾಡಬೇಕು? ನೀರು, ನೀರು, ನೀರು. ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15–20 ನಿಮಿಷ, ಸುಣ್ಣ, ಕಾಸ್ಟಿಕ್ ಆದರೆ ಇನ್ನೂ ಜಾಸ್ತಿ ಹೊತ್ತು. ಒಣ ಸುಣ್ಣವಾದರೆ ಮುಖದ ಮೇಲಿನ ಪುಡಿ ಮೊದಲು ಕೊಡವಿ, ಆದರೆ ಅದಕ್ಕೂ ಹೊತ್ತು ಕಳೆಯಬೇಡಿ. ಎಣ್ಣೆ, ಎದೆಹಾಲು, ನಿಂಬೆರಸ ಯಾವುದೂ ಬೇಡ. ಉರಿ ನಿಂತರೂ ಕಣ್ಣಿನ ಡಾಕ್ಟರ ಹತ್ತಿರ ಹೋಗಲೇಬೇಕು.

ಮೇಜಿನ ಮೇಲೆ ಎರಡು ಖಾಲಿ ಕ್ಯಾನ್ ಇಟ್ಟಿದ್ದೇನೆ. ಒಂದರ ಚೀಟಿಯಲ್ಲಿ ಎಚ್318 ಅನ್ನುವ ಅಪಾಯದ ಸಂಕೇತ ಇದೆ, ಪಕ್ಕದಲ್ಲಿ ಕೈ ಮತ್ತು ಲೋಹವನ್ನು ಹನಿ ತಿನ್ನುತ್ತಿರುವ ಚಿತ್ರ. ಅದು ಒಂದನೇ ವರ್ಗ. ಇನ್ನೊಂದರಲ್ಲಿ ಎಚ್319 ಅಂತಿದೆ, ಆಶ್ಚರ್ಯಸೂಚಕ ಚಿಹ್ನೆ. ಅದು ಎರಡನೇ ವರ್ಗ. ಮುಂದಿನ ಸಾಲಿನ ಅಣ್ಣಂದಿರು ಮೊದಲು ಎತ್ತಿಕೊಂಡು ಓದಿ, ಹಿಂದಕ್ಕೆ ದಾಟಿಸಿ. ನಿಮ್ಮ ಕೆಲಸದ ಜಾಗದ ಕ್ಯಾನಿನ ಫೋಟೋ ಫೋನಿನಲ್ಲಿ ಇದ್ದರೆ ಅದನ್ನೂ ತೋರಿಸಿ, ಒಂದೊಂದಾಗಿ ಇಲ್ಲೇ ನೋಡೋಣ.