ಅನಾಟಮಿ ಕ್ಲಾಸಿಗೆ ಸ್ಕ್ಯಾನ್ ಮೊದಲ ವಾರವೇ ಬರಲಿ

ನಮಸ್ಕಾರ. ಅನಾಟಮಿ, ಅಂದರೆ ದೇಹದ ರಚನೆ, ಕಲಿಯುವ ವೈದ್ಯ ವಿದ್ಯಾರ್ಥಿಗಳಿಗೆ ಸಿಟಿ, ಎಂಆರ್‌ಐ, ಅಲ್ಟ್ರಾಸೌಂಡ್ ಮೊದಲ ವಾರದಿಂದಲೇ ತೋರಿಸಬೇಕು. ಮುಂದೆ ಯಾವಾಗಲೋ ರೇಡಿಯಾಲಜಿ (ಸ್ಕ್ಯಾನ್ ವಿಭಾಗದ) ಪೋಸ್ಟಿಂಗ್‌ನಲ್ಲಿ ನೋಡಿಕೊಳ್ಳಲಿ ಅಂತ ಬಿಡುವುದು ಸರಿಯಲ್ಲ.

ಡಿಸೆಕ್ಷನ್, ಅಂದರೆ ಶವವನ್ನು ಕೊಯ್ದು ಕಲಿಯುವುದು, ಬೇಡ ಅಂತ ನಾನು ಖಂಡಿತ ಹೇಳುತ್ತಿಲ್ಲ. ಒಂದು ನರವನ್ನು ಬಿಡಿಸಿ ಎತ್ತಿ ಹಿಡಿದಾಗ ಬೆರಳಿಗೆ ಗೊತ್ತಾಗುವುದನ್ನು ಯಾವ ಪರದೆಯೂ ಕೊಡುವುದಿಲ್ಲ. ಆದರೆ ಕೊಳೆಯದಂತೆ ಫಾರ್ಮಾಲಿನ್ ಹಾಕಿದ ದೇಹ ಉಸಿರಾಡುವುದಿಲ್ಲ, ಅಲ್ವಾ? ಬದುಕಿರುವವರು ಉಸಿರೆಳೆದಾಗ ವಪೆ (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಕೆಳಗಿಳಿಯುತ್ತದೆ. ಅದರ ಜೊತೆ ಲಿವರ್, ಕಿಡ್ನಿ ಕೂಡ ಜಾರುತ್ತವೆ. ಅಲ್ಟ್ರಾಸೌಂಡ್ ಪ್ರೋಬನ್ನು ಪಕ್ಕೆಯ ಹತ್ತಿರ ಇಟ್ಟು, 'ಜೋರಾಗಿ ಉಸಿರೆಳೀರಿ' ಅಂದರೆ ಸಾಕು. ಕಿಡ್ನಿ ಸರಿಯುವುದು ಕಣ್ಣೆದುರೇ ಕಾಣುತ್ತದೆ. ಇದಕ್ಕೆ ಎಕ್ಸ್‌ರೇ ಬೇಕಿಲ್ಲ, ಹಾಗಾಗಿ ವಿದ್ಯಾರ್ಥಿಗಳು ಒಬ್ಬರ ಮೇಲೊಬ್ಬರು ಮಾಡಿ ನೋಡಬಹುದು. ಎಕ್ಸ್‌ರೇ ಬಳಸುವ ಸಿಟಿಯನ್ನು ಮಾತ್ರ ಸುಮ್ನೆ ಕಲಿಯಲಿಕ್ಕೆ ಅಂತ ಯಾರಿಗೂ ಮಾಡಬಾರದು.

ಇನ್ನೊಂದು ಮಾತು. ಪುಸ್ತಕದ ಚಿತ್ರದಲ್ಲಿ ಒಂದು ಕಿಡ್ನಿಗೆ ಒಂದೇ ಅಪಧಮನಿ. ನಿಜದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಜಾಸ್ತಿ ಇರುತ್ತದೆ. ಡಿಸೆಕ್ಷನ್ ಟೇಬಲ್ ಮೇಲೆ ಇರುವುದು ಒಂದೇ ದೇಹ. ಹತ್ತಾರು ಸಿಟಿ ಆಂಜಿಯೋಗ್ರಾಮ್ (ರಕ್ತನಾಳ ತೋರಿಸುವ ಸಿಟಿ) ನೋಡಿದವರಿಗೆ ಮಾತ್ರ ಈ ವ್ಯತ್ಯಾಸ ಮನಸ್ಸಿಗೆ ಇಳಿಯುತ್ತದೆ. ನಾಳೆ ಕಿಡ್ನಿ ಕಸಿ ಮಾಡುವವರು ಅವರೇ ತಾನೆ!

1994ರಲ್ಲಿ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್, ವಿಸಿಬಲ್ ಹ್ಯೂಮನ್ ಪ್ರಾಜೆಕ್ಟ್‌ನ ಮೊದಲ ಚಿತ್ರಗಳನ್ನು ಹೊರತಂದಿತು. ಒಂದೇ ಪುರುಷ ದೇಹದ ಸಿಟಿ, ಎಂಆರ್‌ಐ, ಜೊತೆಗೆ ಆ ದೇಹವನ್ನು ಹೆಪ್ಪುಗಟ್ಟಿಸಿ ಪದರ ಪದರವಾಗಿ ಸವೆಸುತ್ತಾ 1 ಮಿಲಿಮೀಟರ್‌ಗೊಂದರಂತೆ ತೆಗೆದ ಬಣ್ಣದ ಫೋಟೋಗಳು. ಕಲಿಸಬೇಕಾದದ್ದು ಹೀಗೇ, ಸ್ಕ್ಯಾನ್ ಮತ್ತು ನಿಜವಾದ ದೇಹ ಎರಡನ್ನೂ ಪಕ್ಕಪಕ್ಕ ಇಟ್ಟು. ಇಲ್ಲದಿದ್ದರೆ ಹೊಸಬರು ಸಿಟಿ ನೋಡಿ ತಬ್ಬಿಬ್ಬಾಗುತ್ತಾರೆ. ಅಡ್ಡ ಸೀಳಿನ ಚಿತ್ರವನ್ನು ಕಾಲಿನ ಕಡೆಯಿಂದ ನೋಡಿದಂತೆ ಇಡುತ್ತಾರೆ. ಬಲಗಡೆಯ ಲಿವರ್ ಚಿತ್ರದ ಎಡಗಡೆ ಬರುತ್ತದೆ. ಇದು ಅಭ್ಯಾಸದಿಂದಲೇ ಬರಬೇಕು.

ಸಂಶೋಧನೆಗೂ ಆಸ್ಪತ್ರೆಗಳ ಹಳೆಯ ಸ್ಕ್ಯಾನ್‌ಗಳು ದೊಡ್ಡ ಆಸ್ತಿ. ಆದರೆ ಎಚ್ಚರ ಬೇಕು. ಅವು ಏನೋ ತೊಂದರೆ ಅಂತ ಬಂದವರದ್ದು, ಅದೂ ಹೆಚ್ಚಾಗಿ ಮಲಗಿಸಿ ತೆಗೆದದ್ದು. ಆ ಅಳತೆಗಳನ್ನೇ ಎಲ್ಲರ ಅಳತೆ ಅನ್ನುವ ಹಾಗಿಲ್ಲ. ಇದಕ್ಕಿಂತ ನನ್ನನ್ನು ಕಾಡುವುದು ಖಾಸಗಿತನದ ವಿಷಯ. ಫೈಲಿನಿಂದ ಹೆಸರು ಅಳಿಸಿದರೆ ಮುಗಿಯಿತು ಅಂತ ಅನೇಕರು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ತಲೆಯ ಸಿಟಿಯಿಂದ ಕಂಪ್ಯೂಟರ್‌ನಲ್ಲಿ ಆ ವ್ಯಕ್ತಿಯ ಮುಖವನ್ನೇ ಮತ್ತೆ ಮೂಡಿಸಬಹುದು, ಮೂಗು, ತುಟಿ, ಕಿವಿ ಸಮೇತ. ಹಾಗಾಗಿ ತಲೆಯ ಸ್ಕ್ಯಾನ್ ಹಂಚಿಕೊಳ್ಳುವ ಮೊದಲು ಮುಖದ ಭಾಗವನ್ನು ಅಳಿಸಲೇಬೇಕು. ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ಅರ್ಜಿ ಬರೆಯುವಾಗಲೇ ಆ ಕೆಲಸ ಯಾರು ಮಾಡುತ್ತಾರೆ, ಯಾರು ಪರೀಕ್ಷಿಸುತ್ತಾರೆ ಅಂತ ದಯವಿಟ್ಟು ಸ್ಪಷ್ಟವಾಗಿ ಬರೆಯಿರಿ.